ಮಯಾಂತಿ ಲ್ಯಾಂಗರ್

ಮಯಾಂತಿ ಲ್ಯಾಂಗರ್ (ಜನನ: ೮ ಫೆಬ್ರವರಿ ೧೯೮೫) ಭಾರತದ ಟೆಲಿವಿಷನ್ ಕ್ರೀಡಾ ನಿರೂಪಕಿ. ಫುಟ್‌ಬಾಲ್ ಕಾರ್ಯಕ್ರಮಗಳ ಮೂಲಕ ಕಿರುತೆರೆಗೆ ಬಂದ ಇವರು ಮುಂದೆ ವಿಶ್ವಕಪ್ ಹಾಗೂ ಐಪಿಎಲ್ ಕ್ರಿಕೆಟ್ ಪ್ರಸಾರಗಳಿಂದ ಮನೆಮಾತಾದರು. ಕರ್ನಾಟಕದ ಕ್ರಿಕೆಟ್ ಆಟಗಾರ ಸ್ಟುವರ್ಟ್ ಬಿನ್ನಿ ಇವರ ಪತಿ.

ಬಾಲ್ಯ ಮತ್ತು ಶಿಕ್ಷಣ

ಮಯಾಂತಿ ದೆಹಲಿಯ ಸೇನಾಧಿಕಾರಿಯೊಬ್ಬರ ಮಗಳು. ತಾಯಿ ಶಿಕ್ಷಕಿ. ತಂದೆಯ ಕೆಲಸದ ನಿಮಿತ್ತ ಬಾಲ್ಯದ ಕೆಲವು ವರ್ಷಗಳು ಅಮೆರಿಕದಲ್ಲಿ ಕಳೆದವು. ಫುಟ್‌ಬಾಲ್ ಆಟದಲ್ಲಿ ಆಸಕ್ತಿ ಕುದುರಿದ್ದು ಅಲ್ಲಿಯೇ. ದೆಹಲಿಯ ಹಿಂದೂ ಕಾಲೇಜಿನಲ್ಲಿ ಪದವಿ ವ್ಯಾಸಂಗ ಮಾಡುವಾಗ ಕಾಲೇಜು ತಂಡದಲ್ಲಿ ಆಡಿದ್ದರು. ಗ್ರಾಫಿಕ್ ವಿನ್ಯಾಸಕಿಯಾಗಬೇಕೆಂಬುದು ಅವರ ಮೊದಲ ಹಂಬಲವಾಗಿತ್ತು.

ವೃತ್ತಿಜೀವನ

ಬೀಚ್ ಫುಟ್‌ಬಾಲ್ ಪ್ರಸಾರವೊಂದರಲ್ಲಿ ಅತಿಥಿ ನಿರೂಪಕಿಯಾಗಿ ಕಾಣಿಸಿಕೊಂಡದ್ದು ಇವರ ಮೊದಲ ಹೆಜ್ಜೆ. ಆ ಬಳಿಕ ಜೀ ಸ್ಪೋರ್ಟ್ಸ್ ವಾಹಿನಿಯ 'ಫುಟ್‌ಬಾಲ್ ಕೆಫೆ' ಕಾರ್ಯಕ್ರಮದಲ್ಲಿ ನಿರೂಪಣೆಯ ಜೊತೆಗೆ ನಿರ್ಮಾಣದ ಹೊಣೆಯನ್ನೂ ಹೊತ್ತರು. ೨೦೧೦ರಲ್ಲಿ ಇಎಸ್‌ಪಿಎನ್ ವಾಹಿನಿಗಾಗಿ ಫಿಫಾ ವಿಶ್ವಕಪ್ ಕಾರ್ಯಕ್ರಮವನ್ನು ಜಾನ್ ಡೈಕ್ಸ್ ಅವರೊಂದಿಗೂ, ಅದೇ ವರ್ಷ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟದ ಕಾರ್ಯಕ್ರಮವನ್ನು ಚಾರು ಶರ್ಮಾ ಅವರೊಂದಿಗೂ ನಡೆಸಿಕೊಟ್ಟಾಗ ಇವರ ವಯಸ್ಸು ೨೫. ಮುಂದೆ ೨೦೧೧, ೨೦೧೫ ಮತ್ತು ೨೦೧೯ರ ಕ್ರಿಕೆಟ್ ವಿಶ್ವಕಪ್‌ಗಳು, ೨೦೧೪ರಲ್ಲಿ ಆರಂಭವಾದ ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್, ೨೦೧೮ರಿಂದ ಸ್ಟಾರ್ ಸ್ಪೋರ್ಟ್ಸ್‌ನ ಐಪಿಎಲ್ ಪ್ರಸಾರಗಳು ಇವರ ಪಾಲಿಗೆ ಬಂದವು.

ವೀಕ್ಷಕ ವಿವರಣೆಗಾರರ ಕೆಲಸಕ್ಕೂ ನಿರೂಪಕರ ಕೆಲಸಕ್ಕೂ ವ್ಯತ್ಯಾಸವುಂಟು. ವಿವರಣೆಗಾರರ ಮುಂದೆ ಆಟ ನಡೆಯುತ್ತಿರುತ್ತದೆ. ಆಟ ಆರಂಭವಾಗುವ ಮೊದಲು, ಇನ್ನಿಂಗ್ಸ್‌ಗಳ ನಡುವೆ ಮತ್ತು ಮುಗಿದ ಮೇಲೆ ಮಾತನ್ನು ನಡೆಸಬೇಕಾದವರು ನಿರೂಪಕರು. ಜಾಹೀರಾತಿಗೆ ಎಷ್ಟು ಸೆಕೆಂಡು ಉಳಿದಿದೆಯೆಂದು ನಿರ್ಮಾಪಕರು ಕಿವಿಯಲ್ಲಿ ಹೇಳುತ್ತಿರುವಾಗಲೇ, ಎದುರಿಗಿರುವ ಮಾಜಿ ಆಟಗಾರರಿಂದ ಉತ್ತರ ಹೊರಡಿಸಿ, ಮಾತು ತುಂಡಾಗದಂತೆ ಮುಗಿಸಬೇಕು. ಮಳೆ ಬಂದು ಆಟ ನಿಂತರೆ ಸಿದ್ಧಪಡಿಸಿಕೊಂಡ ಕ್ರಮವೆಲ್ಲ ವ್ಯರ್ಥ. ೨೦೦೩ರ ವಿಶ್ವಕಪ್ ಸಮಯದಲ್ಲಿ 'ಎಕ್ಸ್‌ಟ್ರಾ ಇನ್ನಿಂಗ್ಸ್' ಕಾರ್ಯಕ್ರಮವನ್ನು ನಡೆಸಿಕೊಟ್ಟ ಮಂದಿರಾ ಬೇಡಿ ನಟನೆಯ ಕ್ಷೇತ್ರದಿಂದ ಬಂದವರು. ಅಂದು ಆಟದ ಬಗೆಗಿನ ಅವರ ಪ್ರಶ್ನೆಗಳಿಗಿಂತ ಉಡುಪಿನ ಚರ್ಚೆಯೇ ಹೆಚ್ಚಾಗಿತ್ತು. ಮಯಾಂತಿ ಅವರ ಹಾದಿ ಬೇರೆ. ಕ್ರೀಡಾ ವಾಹಿನಿಯ ಒಳಗೇ ಕೆಲಸ ಕಲಿತು ಅವರು ಮೇಲೆ ಬಂದರು.

ವೈಯಕ್ತಿಕ ಜೀವನ

೨೦೧೨ರ ಸೆಪ್ಟೆಂಬರ್‌ನಲ್ಲಿ ಸ್ಟುವರ್ಟ್ ಬಿನ್ನಿ ಅವರೊಂದಿಗೆ ವಿವಾಹವಾಯಿತು. ಸ್ಟುವರ್ಟ್ ಅವರ ತಂದೆ ರೋಜರ್ ಬಿನ್ನಿ ೧೯೮೩ರ ವಿಶ್ವಕಪ್ ವಿಜೇತ ತಂಡದ ಸದಸ್ಯರು. ಆ ಪಂದ್ಯಾವಳಿಯಲ್ಲಿ ಅತ್ಯಧಿಕ, ಅಂದರೆ ೧೮ ವಿಕೆಟ್ ಪಡೆದವರು.

ಪತಿಯ ಆಟದ ಏರಿಳಿತಕ್ಕೆ ಪತ್ನಿಯನ್ನು ಹೊಣೆ ಮಾಡುವ ವಿಚಿತ್ರ ಪ್ರವೃತ್ತಿಯನ್ನು ಮಯಾಂತಿ ಎದುರಿಸಬೇಕಾಯಿತು. ೨೦೧೪ರ ಜೂನ್ ೧೭ರಂದು ಮೀರ್‌ಪುರದಲ್ಲಿ ಬಾಂಗ್ಲಾದೇಶದ ವಿರುದ್ಧ ಸ್ಟುವರ್ಟ್ ಕೇವಲ ೪ ರನ್ ನೀಡಿ ೬ ವಿಕೆಟ್ ಪಡೆದರು. ಏಕದಿನ ಪಂದ್ಯಗಳಲ್ಲಿ ಅನಿಲ್ ಕುಂಬ್ಳೆ ಅವರ ಹೆಸರಿನಲ್ಲಿದ್ದ ಭಾರತೀಯ ದಾಖಲೆ (೧೨ಕ್ಕೆ ೬) ಅಂದು ಅಳಿಯಿತು. ಆದರೆ ೨೦೧೬ರ ಆಗಸ್ಟ್ ೨೭ರಂದು ಅಮೆರಿಕದ ಲಾಡರ್‌ಹಿಲ್‌ನಲ್ಲಿ ನಡೆದ ಟಿ-೨೦ ಪಂದ್ಯದಲ್ಲಿ ವೆಸ್ಟ್ ಇಂಡೀಸ್‌ನ ಎವಿನ್ ಲೂಯಿಸ್ ಅವರ ಒಂದೇ ಓವರಿನಲ್ಲಿ ಐದು ಸಿಕ್ಸರ್ ಬಾರಿಸಿದರು. ಆ ಓವರಿನಲ್ಲಿ ೩೨ ರನ್ ಹೋದವು. ಭಾರತ ೧ ರನ್‌ನಿಂದ ಸೋತಿತು. ಸಾಮಾಜಿಕ ಜಾಲತಾಣಗಳಲ್ಲಿ ನಿಂದನೆಯ ಮಳೆ ಸುರಿದದ್ದು ಸ್ಟುವರ್ಟ್ ಅವರ ಮೇಲೆ ಮಾತ್ರವಲ್ಲ, ಮಯಾಂತಿ ಅವರ ಮೇಲೂ. ಉಳಿದ ೧೯ ಓವರುಗಳಲ್ಲಿ ವೆಸ್ಟ್ ಇಂಡೀಸ್‌ಗೆ ೨೧೩ ರನ್ ಬಂದಿದ್ದವು ಎಂಬುದು ಹೆಚ್ಚಿನವರ ಗಮನಕ್ಕೆ ಬಂದಂತಿಲ್ಲ. ಮಯಾಂತಿ ಇಂತಹ ನಿಂದನೆಗೆ ಬಹಿರಂಗವಾಗಿ ಉತ್ತರಿಸಿದರು, ನಿರೂಪಣೆಯನ್ನೂ ಮುಂದುವರಿಸಿದರು.

೨೦೨೦ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ನಡೆದ ಐಪಿಎಲ್ ಪ್ರಸಾರದಲ್ಲಿ ಅವರು ಕಾಣಿಸದಿದ್ದಾಗ ವೀಕ್ಷಕರು ಕಾರಣ ಕೇಳತೊಡಗಿದರು. ತಮಗೆ ಗಂಡು ಮಗು ಜನಿಸಿರುವುದನ್ನು ಆಗ ಅವರೇ ತಿಳಿಸಿದರು. ಸ್ಟುವರ್ಟ್ ೨೦೨೧ರ ಆಗಸ್ಟ್‌ನಲ್ಲಿ ಆಟದಿಂದ ನಿವೃತ್ತರಾದರು. ಮಯಾಂತಿ ನಂತರದ ಆವೃತ್ತಿಗಳಲ್ಲಿ ಐಪಿಎಲ್ ನಿರೂಪಣೆಗೆ ಮರಳಿದರು.