ರೈನ್ ತೀರದ ದ್ರಾಕ್ಷಾರಸವೂ ನಮ್ಮ ಭೋಜನವೂ

ಪಾನವನ್ನು ಭೋಜನದಿಂದ ಬೇರ್ಪಡಿಸಿದರೆ ಉಳಿಯುವುದು ಅಮಲೊಂದೇ. ಇದು ನೀತಿವಾದಿಗಳ ಮಾತು ಮಾತ್ರವಲ್ಲ; ಇತಿಹಾಸವೂ ಇದನ್ನೇ ಹೇಳುತ್ತದೆ. ಜರ್ಮನಿಯ ಒಂದು ದ್ರಾಕ್ಷಾರಸವನ್ನೂ ನಮ್ಮ ಬೆಳಗಾವಿ ಸೀಮೆಯ ಅನುಭವವನ್ನೂ ಜೊತೆಗಿಟ್ಟು ನೋಡಿದರೆ ಈ ಸಂಗತಿ ವಿಶದವಾಗುವುದು.

ಆ ದ್ರಾಕ್ಷಾರಸದ ಹೆಸರು ರೀಸ್ಲಿಂಗ್. ಇದರ ಬಳ್ಳಿಗಳನ್ನು ಕೊಂಡ ಲೆಕ್ಕವು ರ್‍ಯೂಸಲ್ಸ್‌ಹೈಮ್ ಎಂಬ ಊರಿನ 1435ರ ಪತ್ರವೊಂದರಲ್ಲಿ ದೊರೆಯುತ್ತದೆ. 1720ರಲ್ಲಿ ರೈನ್ ತೀರದ ಯೋಹಾನಿಸ್‌ಬೆರ್ಗಿನ ತೋಟದಲ್ಲಿ ಇದನ್ನು ವಿಪುಲವಾಗಿ ನೆಟ್ಟರು. ಅಲ್ಲಿಯ ತಂಪಿನಲ್ಲಿ ಹಣ್ಣು ನಿಧಾನವಾಗಿ ಮಾಗುವುದರಿಂದ ಅದರ ಹುಳಿ ಕುಂದುವುದಿಲ್ಲ. ಹಣ್ಣಿನ ಸಕ್ಕರೆಯು ಬಹುಮಟ್ಟಿಗೆ ಹುದುಗಿ ತೀರಿದಾಗ ಅದನ್ನು 'ಟ್ರೋಕನ್', ಎಂದರೆ 'ಒಣ' ದ್ರಾಕ್ಷಾರಸವೆನ್ನುವರು. ಹುಳಿಯು ತಕ್ಕಷ್ಟಿದ್ದಲ್ಲಿ ಲೀಟರಿಗೆ 9 ಗ್ರಾಮಿನವರೆಗೆ ಸಕ್ಕರೆ ಉಳಿದರೂ ಕಾನೂನಿಗೆ ಸಮ್ಮತ. ನಿಂಬೆ, ಹಸಿರು ಸೇಬುಗಳ ಪರಿಮಳವೂ ನಾಲಗೆಯನ್ನು ತೊಳೆಯುವ ಹುಳಿಯೂ ಇದರ ಸ್ವಭಾವ.

ಆದುದರಿಂದಲೇ ಜರ್ಮನರು ಇದನ್ನು ಹೊಳೆಯ ಮೀನು, ಹಂದಿಯ ಮಾಂಸ, ವಸಂತದ ಶತಾವರಿ ಚಿಗುರುಗಳೊಡನೆ ಬಡಿಸುವರು. ಹುಳಿಯು ಜಿಡ್ಡನ್ನು ಕತ್ತರಿಸಿ ಮುಂದಿನ ತುತ್ತಿಗೆ ಬಾಯಿಯನ್ನು ಅಣಿಮಾಡುತ್ತದೆ. ಸಿಹಿಯೊಡನೆ ಮಾತ್ರ ಇದಕ್ಕೆ ಸ್ನೇಹವಿಲ್ಲ: ಬೆಳಗಾವಿಯ ಕುಂದವನ್ನು ತಿಂದು ಇದನ್ನು ಕುಡಿದವರಿಗೆ ಬರಿಯ ಹುಳಿಯೇ ಕಂಡೀತು. ಖಾರ ಅತಿಯಾದರೆ ಮದ್ಯಾಂಶವು ಉರಿಯನ್ನು ಹೆಚ್ಚಿಸುವುದು.

ಈ ರುಚಿವಿವೇಕ ನಮಗೆ ಹೊಸತೇನಲ್ಲ. ಹಿಂದವಾಡಿಯ ಮನೆಗಳಲ್ಲಿ ಗೋವೆಯ ಕಡಲಮೀನಿಗೆ ಮುರುಗಲ ಹುಳಿಯ ಸೋಲ್‌ಕಢಿಯನ್ನು ಜೊತೆಗೂಡಿಸುವ ಗೃಹಿಣಿಯು ರೈನ್ ತೀರದವರ ನ್ಯಾಯವನ್ನೇ, ಮದ್ಯದ ಸೋಂಕಿಲ್ಲದೆ, ಪಾಲಿಸುತ್ತಾಳೆ. ಕುಂತಳವನ್ನಾಳಿದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗಕ್ಕೂ ಪಾನೀಯಭೋಗಕ್ಕೂ ಬೇರೆ ಬೇರೆ ಪ್ರಕರಣಗಳಿವೆ. ಮೀನನ್ನು ಹುಣಸೆಯ ರಸದೊಡನೆ ಬೇಯಿಸುವ ಕ್ರಮವನ್ನೂ ಅರಸನು ಬರೆದಿದ್ದಾನೆ. ಮದಿರಾಪಾನವನ್ನು ಅವನು ಅಡಗಿಸಲಿಲ್ಲ. ಅದಕ್ಕೂ ವಿಧಿಯನ್ನು ಹೇಳಿ ಶಾಸ್ತ್ರದೊಳಗಿಟ್ಟನು.

ಮುಂದೆ ಈ ವಿವೇಕದ ಎಳೆ ಕಡಿಯಿತು. 1818ರಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ವಶವಾದ ಬಳಿಕ ಇಲ್ಲಿ ದಂಡಿನ ಠಾಣ್ಯ ಬೆಳೆಯಿತು. ಪರದೇಶದ ಮದ್ಯವು ನಮ್ಮವರ ಕಣ್ಣಿಗೆ ಅಧಿಕಾರದ ಚಿಹ್ನೆಯಾಗಿ ಕಂಡಿತೇ ಹೊರತು ಊಟದ ಅಂಗವಾಗಿ ಅಲ್ಲ. ಬಳಿಕ 1949ರ ಮುಂಬಯಿ ಪಾನನಿಷೇಧ ಕಾನೂನು ಬಂದಿತು. 1956ರವರೆಗೆ ಬೆಳಗಾವಿ ಮುಂಬಯಿ ರಾಜ್ಯದಲ್ಲಿಯೇ ಇದ್ದಿತು. ಬಡವರ ಮನೆಗಳನ್ನು ಸೆರೆಯಿಂದ ಉಳಿಸುವ ಆ ಉದ್ದೇಶವನ್ನು ನಾವು ಹಗುರವಾಗಿ ಕಾಣಲಾರೆವು. ಆದರೆ ನಿಷೇಧವು ಕುಡಿತವನ್ನು ನಿರ್ಮೂಲಮಾಡಲಿಲ್ಲ. ಕುಡಿಯುವವನನ್ನು ಊಟದ ಪಂಕ್ತಿಯಿಂದ ಎಬ್ಬಿಸಿ ಕತ್ತಲೆಗೆ ಕಳುಹಿಸಿತು. ಅಲ್ಲಿ ರುಚಿಯನ್ನು ಕೇಳುವವರಿಲ್ಲ, ಸಾಕೆನ್ನುವವರೂ ಇಲ್ಲ.

2007ರಲ್ಲಿ ಕರ್ನಾಟಕ ಸರಕಾರವು ದ್ರಾಕ್ಷಾರಸಕ್ಕೆ ಪ್ರತ್ಯೇಕ ನೀತಿಯನ್ನು ರೂಪಿಸಿತು. ಅದರಿಂದ ಬೆಳೆಗಾರರಿಗೆ ಲಾಭವಾಗಲಿ. ಆದರೆ ಕಾನೂನು ಸೀಸೆಯನ್ನು ತರಬಲ್ಲುದು, ಮಿತಿಯನ್ನು ತರಲಾರದು. ಕುಡಿಯದವರಿಗೆ ಸೋಲ್‌ಕಢಿ ಉಂಟು. ಅವರು ಕಳೆದುಕೊಳ್ಳುವುದೇನೂ ಇಲ್ಲ. ಕುಡಿಯುವವರು ಮಾತ್ರ ಮನೆಮಂದಿಯ ನಡುವೆ, ತಟ್ಟೆಯ ಮುಂದೆ, ತುತ್ತಿಗೆ ತಕ್ಕಷ್ಟೇ ಕುಡಿಯುವುದನ್ನು ಕಲಿಯಬೇಕು. ಇಲ್ಲವಾದರೆ ಬಿಡುವುದೇ ಲೇಸು.