ಆಲೆಮನೆ, ಕಾರ್ಖಾನೆ ಮತ್ತು ಒಂದು ಅಣುವಿನ ಇತಿಹಾಸ

ಮಂಡ್ಯ ಸಕ್ಕರೆಯ ನಾಡಾದದ್ದು ಹೇಗೆಂದು ಕೇಳಿದರೆ ಎಲ್ಲರ ಬೆರಳೂ ಕನ್ನಂಬಾಡಿಯ ಕಡೆಗೆ ಹೋಗುತ್ತದೆ. 1911ರಲ್ಲಿ ಕೆಲಸ ಶುರುವಾದ ಕಟ್ಟೆ, ಅದರ ಹಿಂದಿದ್ದ ವಿಶ್ವೇಶ್ವರಯ್ಯನವರ ಛಲ, ಹುಲಿಕೆರೆಯ ಸುರಂಗ ಹಾದು ಮಂಡ್ಯ, ಮದ್ದೂರು, ಮಳವಳ್ಳಿಗಳ ಹೊಲಗಳಿಗೆ ಇಳಿದ ಇರ್ವಿನ್ ನಾಲೆ, 1933ರಲ್ಲಿ ಹುಟ್ಟಿದ ಮೈಸೂರು ಸಕ್ಕರೆ ಕಂಪನಿ. ಈ ಕಥೆಯಲ್ಲಿ ಸುಳ್ಳಿಲ್ಲ. ಆದರೆ ನೀರು ಕೊಡುವುದು ಕಬ್ಬನ್ನು, ಸಕ್ಕರೆಯನ್ನಲ್ಲ. ಕಬ್ಬಿನ ಹಾಲು ಬೆಲ್ಲವಾಗಿ ಅಚ್ಚಿಗೆ ಇಳಿಯಬೇಕೋ, ಬಿಳಿ ಹರಳಾಗಿ ಚೀಲ ಸೇರಬೇಕೋ ಎಂಬುದನ್ನು ತೀರ್ಮಾನಿಸುವುದು ಅದರೊಳಗಿನ ಸುಕ್ರೋಸ್ ಅಣು ಮುರಿಯಿತೋ ಉಳಿಯಿತೋ ಎಂಬ ಒಂದೇ ಸಂಗತಿ. ಈ ಸೀಮೆಯ ಆಲೆಮನೆಗೂ ಕಾರ್ಖಾನೆಗೂ ಇರುವ ವ್ಯತ್ಯಾಸ, ಎರಡೂ ಅಕ್ಕಪಕ್ಕದಲ್ಲೇ ಬದುಕಿದ ಬಗೆ, ಕಟಾವಿನ ಸರದಿಗಾಗಿ ರೈತರು ಪಟ್ಟ ಪಾಡು, ಇವುಗಳ ಬುಡದಲ್ಲಿ ಆ ಸಂಗತಿಯೇ ಇದೆ ಎಂಬುದು ಇಲ್ಲಿನ ವಾದ. ಶಾಲೆಯ ಜೀವಶಾಸ್ತ್ರ, ರಸಾಯನಶಾಸ್ತ್ರ ಗೊತ್ತಿದ್ದರೆ ಸಾಕು, ಈ ಇತಿಹಾಸವನ್ನು ಓದಬಹುದು.

ಮೊದಲು ಗಿಡದ ವಿಷಯ. ನಾಲೆ ಬಯಲಲ್ಲಿ ಒಂದೇ ಬದುವಿನ ಆಚೆ ಭತ್ತ, ಈಚೆ ಕಬ್ಬು ನಿಂತಿರುತ್ತವೆ, ಆದರೆ ಬಿಸಿಲನ್ನು ಬಳಸುವ ಬಗೆ ಎರಡಕ್ಕೂ ಬೇರೆ. ಭತ್ತದ ಎಲೆ ಗಾಳಿಯ ಇಂಗಾಲವನ್ನು ಮೊದಲು ಮೂರು ಇಂಗಾಲದ ಸಂಯುಕ್ತವಾಗಿ ಹಿಡಿದಿಡುತ್ತದೆ. ಕಬ್ಬಿನ ಎಲೆ ನಾಲ್ಕು ಇಂಗಾಲದ ಸಂಯುಕ್ತವಾಗಿ. 1960ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಈ ದಾರಿಯನ್ನು ಬಿಡಿಸಿ ತೋರಿಸಿದ್ದು ಕಬ್ಬಿನ ಎಲೆಯ ಮೇಲೆಯೇ. ನಾಲೆ ಬರುವ ಮುಂಚೆ ಮಳವಳ್ಳಿಯ ಬೆದ್ದಲಿನಲ್ಲಿದ್ದ ರಾಗಿಯೂ ಇದೇ ಕುಲದ ಜಾಣ ಎಂಬುದನ್ನು ಇಲ್ಲಿ ಹೇಳದೆ ಇರಲಾಗದು. ಹೀಗೆ ಹಿಡಿದ ಇಂಗಾಲವನ್ನು ಕಬ್ಬು ಕಾಂಡದಲ್ಲಿ ಸುಕ್ರೋಸ್ ರೂಪದಲ್ಲಿ ಕೂಡಿಡುತ್ತದೆ: 12 ಇಂಗಾಲ, 22 ಜಲಜನಕ, 11 ಆಮ್ಲಜನಕದ ಪರಮಾಣುಗಳು ಸೇರಿದ ಅಣು. ಒಂದು ನೀರಿನ ಅಣು ಸೇರಿದರೆ ಇದು ಎರಡಾಗಿ ಸೀಳಿ ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಸೀಳಿದ ಮೇಲೂ ಸಿಹಿ ಹೋಗುವುದಿಲ್ಲ, ಹರಳುಗಟ್ಟುವ ಗುಣ ಮಾತ್ರ ಹೋಗುತ್ತದೆ. ಸೀಳುವ ಕೆಲಸಕ್ಕೆ ಕಬ್ಬಿನಲ್ಲೇ ಇನ್ವರ್ಟೇಸ್ ಎಂಬ ಕಿಣ್ವವಿದೆ. ಕಡಿದು ಬಿಸಿಲಿಗೆ ಹಾಕಿದ ಕಬ್ಬಿನಲ್ಲಿ ಅದು ಚುರುಕಾಗುತ್ತದೆ. ಕಡಿದ ಬಾಯಿಂದ ಒಳಹೊಕ್ಕ ಸೂಕ್ಷ್ಮಜೀವಿಗಳು ಜೊತೆಗೂಡುತ್ತವೆ. ಕಬ್ಬಿನ ಹಾಲಿನ ಸಹಜ ಆಮ್ಲೀಯತೆ ಮತ್ತು ಕುದಿಯ ಶಾಖ ಉಳಿದದ್ದನ್ನು ಮಾಡುತ್ತವೆ. ಶಾಲೆಯ ಪ್ರಯೋಗಾಲಯದಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಬೆನೆಡಿಕ್ಟ್ ದ್ರಾವಣ ಹಾಕಿ ಬಿಸಿ ಮಾಡಿದರೆ ಶುದ್ಧ ಸಕ್ಕರೆಯ ನೀರು ನೀಲಿಯಾಗಿಯೇ ಉಳಿಯುತ್ತದೆ, ಬೆಲ್ಲದ ನೀರು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಬೆಲ್ಲದಲ್ಲಿ ಸೀಳಿದ ಅಣುಗಳು ಇವೆ ಎಂಬುದಕ್ಕೆ ಅದೇ ಸಾಕ್ಷಿ. ಮಳೆಗಾಲದಲ್ಲಿ ಬೆಲ್ಲ ನೀರು ಬಿಡುವುದಕ್ಕೂ ಕಾರಣ ಇವೇ, ಗಾಳಿಯ ತೇವವನ್ನು ಹೀರುವುದರಲ್ಲಿ ಇವು ಸುಕ್ರೋಸಿಗಿಂತ ಮುಂದು.

ಈ ವ್ಯತ್ಯಾಸ ಇಲ್ಲಿನವರಿಗೆ ಸೂತ್ರ ಬರೆಯುವ ಕಾಲಕ್ಕಿಂತ ಬಹಳ ಹಿಂದೆಯೇ ಗೊತ್ತಿತ್ತು. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಮದ್ದೂರು ಮಂಡ್ಯಗಳ ಮೇಲೆ ಹಾದು ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಬ್ಬಿನ ತಳಿಗಳನ್ನು ವಿಚಾರಿಸಿ ಬರೆದುಕೊಂಡ. ರಸದಾಳಿ, ಪಟ್ಟಾಪಟ್ಟಿ ಎರಡನ್ನೂ ಜನ ಮೆಚ್ಚುತ್ತಿದ್ದರು, ಆದರೆ ಸಕ್ಕರೆ ತೆಗೆಯಲು ಪಟ್ಟಾಪಟ್ಟಿ ಒಂದೇ ಒದಗುತ್ತಿತ್ತು ಎಂಬುದು ಅವನಿಗೆ ಸಿಕ್ಕ ಉತ್ತರ. ಬೆಲ್ಲ ಎಲ್ಲದರಿಂದಲೂ ಬರುತ್ತದೆ, ಹರಳು ಮಾತ್ರ ಒಂದರಿಂದ: ಯಾವ ಕಬ್ಬಿನ ಹಾಲು ಹರಳಿಗೆ ಒಗ್ಗುತ್ತದೆ ಎಂಬ ವರ್ಗೀಕರಣ ಇದು. ಇದನ್ನು ಕಡೆಗಣಿಸಿದರೆ ಏನಾಗುತ್ತದೆ ಎಂಬುದಕ್ಕೆ ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯನ್ನು ನೋಡಬಹುದು. 1847ರಲ್ಲಿ ಅಲ್ಲಿ ಶುರುವಾದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಕಬ್ಬನ್ನು ಅರೆಯಲು ಹೊರಡಲಿಲ್ಲ. ರೈತರ ಬೆಲ್ಲ ಕೊಂಡು ಅದನ್ನು ಕರಗಿಸಿ ಸಕ್ಕರೆ ಮಾಡಿತು. ಅದರ ಸಕ್ಕರೆಗೆ ಹೊರದೇಶದ ಪ್ರದರ್ಶನದಲ್ಲಿ ಮನ್ನಣೆಯೂ ಬಂತು, ಆದರೆ ಕಾರ್ಖಾನೆ ಉಳಿಯಲಿಲ್ಲ. ಮುಚ್ಚಿದ್ದಕ್ಕೆ ವ್ಯಾಪಾರದ ಕಾರಣಗಳೂ ಇದ್ದಿರಬಹುದು. ರಸಾಯನದ ಕಣ್ಣಿಂದ ನೋಡಿದರೆ ಮಾತ್ರ ಆ ದಾರಿಯೇ ಏರುದಾರಿ: ತೆರೆದ ಕೊಪ್ಪರಿಗೆಯಲ್ಲಿ ಕುದಿದು ಆಗಲೇ ಒಂದಿಷ್ಟು ಸೀಳಿಹೋದ ಸುಕ್ರೋಸನ್ನು ಮತ್ತೆ ಕೂಡಿಸಲು ಯಾವ ಯಂತ್ರಕ್ಕೂ ಆಗದು, ಸೀಳಿದ ಭಾಗ ಕಾಕಂಬಿಯಾಗಿ ಹೊರಹೋಗಲೇಬೇಕು.

ಆಲೆಮನೆಯವರ ಜಾಣ್ಮೆ ಇರುವುದು ಈ ಸೀಳುವಿಕೆಯನ್ನು ಹದದಲ್ಲಿ ಇಡುವುದರಲ್ಲಿ. ಅರೆದ ಹಾಲನ್ನು ತಡಮಾಡದೆ ಕೊಪ್ಪರಿಗೆಗೆ ಸುರಿದು, ಸುಣ್ಣದ ನೀರು ಹಾಕಿ, ಬೆಂಡೆ ಗಿಡ ಜಜ್ಜಿದ ಲೋಳೆ ಬೆರೆಸಿ, ಮೇಲೆ ಬಂದ ಮಡ್ಡಿಯನ್ನು ತೆಗೆಯುತ್ತ ಕುದಿಸುತ್ತಾರೆ. ಸುಣ್ಣ ಆಮ್ಲವನ್ನು ತಣಿಸುತ್ತದೆ, ಹಾಗಾಗಿ ಸುಕ್ರೋಸ್ ಸೀಳುವುದು ನಿಧಾನವಾಗುತ್ತದೆ. ಬೆಂಡೆಯ ಲೋಳೆ ತೇಲಾಡುವ ಪ್ರೋಟೀನು, ನಾರು, ಮಣ್ಣನ್ನು ಅಂಟಿಸಿಕೊಂಡು ಮೇಲೆ ತರುತ್ತದೆ. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ, ಕಡಿಮೆಯಾದರೆ ಗಟ್ಟಿ ನಿಲ್ಲುವುದಿಲ್ಲ. ಪಾಕ 115 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ತಣ್ಣೀರಿಗೆ ಒಂದು ತೊಟ್ಟು ಬಿಟ್ಟು, ಅದು ಉಂಡೆಯಾಗುವುದನ್ನು ಬೆರಳಲ್ಲಿ ನೋಡಿ ಕೊಪ್ಪರಿಗೆ ಇಳಿಸುತ್ತಾರೆ. ಇದನ್ನು ವಿಜ್ಞಾನ ಎನ್ನುವುದು ಬರೀ ಅಭಿಮಾನದ ಮಾತು, ಕಾರಣ ತಿಳಿಯದ ಅಭ್ಯಾಸ ವಿಜ್ಞಾನವಾಗದು ಎಂಬ ಆಕ್ಷೇಪ ಬರುತ್ತದೆ. ಆಕ್ಷೇಪದಲ್ಲಿ ಹುರುಳಿದೆ. ಅಣುವಿನ ಕಲ್ಪನೆ ಆಲೆಮನೆಯಲ್ಲಿ ಇರಲಿಲ್ಲ, ಅಳತೆಯೂ ಇರಲಿಲ್ಲ. ಹಾಗಾಗಿ ಒಂದು ಊರಿನ ಹದ ಇನ್ನೊಂದು ಊರಿಗೆ ಬರಹದಲ್ಲಿ ಹೋಗಲಿಲ್ಲ, ಕೆಲಸಗಾರರ ಕೈಯಲ್ಲೇ ಹೋಯಿತು. ಆದರೂ ಯಾವುದನ್ನು ಬದಲಿಸಿದರೆ ಯಾವುದು ಬದಲಾಗುತ್ತದೆ ಎಂದು ತಿಳಿದು, ಅದನ್ನು ಪ್ರತಿ ಕೊಪ್ಪರಿಗೆಯಲ್ಲೂ ಪರೀಕ್ಷಿಸಿ ನಡೆಯುವುದು ಕುರುಡು ಅಭ್ಯಾಸವಲ್ಲ. ಕಾರ್ಖಾನೆಯೂ ಹಾಲಿಗೆ ಹಾಕುವುದು ಅದೇ ಸುಣ್ಣವನ್ನು. ಅದು ಹೊಸದಾಗಿ ತಂದದ್ದು ಗಂಧಕದ ಹೊಗೆ, ಅಳತೆಯ ಉಪಕರಣ ಮತ್ತು ನಿರ್ವಾತ ಪಾತ್ರೆ. ಗಾಳಿಯ ಒತ್ತಡ ತಗ್ಗಿಸಿದರೆ ಪಾಕ ಕಡಿಮೆ ಶಾಖದಲ್ಲೇ ಕುದಿಯುತ್ತದೆ, ಸುಕ್ರೋಸ್ ಉಳಿಯುತ್ತದೆ. ಹರಳಿನ ಗುಟ್ಟೆಲ್ಲ ಅಲ್ಲಿದೆ.

ಯಂತ್ರದ ಜೊತೆಗೆ ಹರಳಿಗೆ ಒಗ್ಗುವ ಕಬ್ಬೂ ಬೇಕು, ಇಲ್ಲಿಯೇ ಲೆಸ್ಲಿ ಕೋಲ್ಮನ್ನರ ಪಾತ್ರವನ್ನು ಎತ್ತಿ ಹೇಳಬೇಕು. ಕೆನಡಾದಿಂದ 1908ರಲ್ಲಿ ಮೈಸೂರಿಗೆ ಬಂದ ಅವರು ಎಂಜಿನಿಯರಲ್ಲ, ಶಿಲೀಂಧ್ರ ಮತ್ತು ಕೀಟಗಳ ವಿಜ್ಞಾನಿ. ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. ನಾಲೆಯ ನೀರಿಗೆ ಯಾವ ಬೆಳೆ, ಯಾವ ತಳಿ ಎಂಬುದನ್ನು ಕಂಡುಕೊಳ್ಳಲು ಮಂಡ್ಯದಲ್ಲಿ ಫಾರಂ ಮಾಡಿಸಿದವರು ಅವರೇ. ಈಗಿನ ವಿ.ಸಿ. ಫಾರಂ ಅದು. 1912ರಲ್ಲಿ ಶುರುವಾದ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆ ಸಿಹಿಕಬ್ಬಿಗೆ ಕಾಡುಕಬ್ಬನ್ನು ಕೂಡಿಸಿ ಹೊಸ ತಳಿ ತೆಗೆಯುತ್ತಿದ್ದ ಕಾಲವದು; ಅಲ್ಲಿನ ಕೋ 419 ಮುಂದೆ ಈ ಬಯಲನ್ನು ಆವರಿಸಿತು. ನಾಲೆಯ ಕೆಳಗೆ ಜಾರಿಗೆ ಬಂದ ಬ್ಲಾಕ್ ಪದ್ಧತಿಯೂ ಇದಕ್ಕೆ ಹೊಂದಿತು: ಜಮೀನನ್ನು ಭಾಗ ಮಾಡಿ ಕಬ್ಬು, ಭತ್ತ, ಕಡಿಮೆ ನೀರಿನ ಬೆಳೆಗಳನ್ನು ಮೂರು ವರ್ಷದ ಸರದಿಯಲ್ಲಿ ಬೆಳೆಯುವುದು. ಇದಕ್ಕೆಲ್ಲ ಕಾರಣ 1932ರ ಸಕ್ಕರೆ ರಕ್ಷಣಾ ಕಾಯ್ದೆ, ಆಮದು ಸುಂಕವಿಲ್ಲದಿದ್ದರೆ ಮಂಡ್ಯದಲ್ಲಿ ಕಾರ್ಖಾನೆ ಏಳುತ್ತಿರಲಿಲ್ಲ ಎನ್ನುವವರಿದ್ದಾರೆ. ಸುಂಕದ ಬಲ ದೊಡ್ಡದೇ. ಕೆಲವೇ ವರ್ಷಗಳಲ್ಲಿ ದೇಶದ ಕಾರ್ಖಾನೆಗಳ ಸಂಖ್ಯೆ 30ರ ಆಸುಪಾಸಿನಿಂದ 100 ದಾಟಿತು. ಆದರೆ ಕಾರ್ಖಾನೆ ಏಕೆ ಎಂಬುದಕ್ಕಷ್ಟೇ ಸುಂಕ ಉತ್ತರ. ಎಲ್ಲಿ ಎಂಬುದಕ್ಕೆ ಉತ್ತರ ಆ ಇನ್ವರ್ಟೇಸ್ ಕಿಣ್ವದ್ದು. ಕಡಿದ ಕಬ್ಬು ಒಂದು ದಿನದೊಳಗೆ ಗಾಣದ ಬಾಯಿಗೆ ಬೀಳಬೇಕು ಎಂದರೆ ಕಾರ್ಖಾನೆ ಬಂದರಿನಲ್ಲೋ ಬೆಂಗಳೂರಿನಲ್ಲೋ ಇರಲಾಗದು. ನಾಲೆ ಬಯಲಿನ ನಡುವೆ, ಎತ್ತಿನ ಗಾಡಿ ತಲುಪುವ ದೂರದಲ್ಲೇ ಇರಬೇಕು.

ಹಾಗಾದರೆ ಕಾರ್ಖಾನೆ ಬಂದ ಮೇಲೂ ಆಲೆಮನೆಗಳು ಏಕೆ ಉಳಿದವು? ದರಕ್ಕಾಗಿ, ಕೈಗೆ ಕೂಡಲೇ ಸಿಗುವ ದುಡ್ಡಿಗಾಗಿ ಎಂಬ ಉತ್ತರ ಸರಿಯೇ. ಆದರೆ ದರದ ಆಯ್ಕೆ ರೈತರಿಗೆ ಸಿಕ್ಕಿದ್ದೇ ಬೆಲ್ಲಕ್ಕೆ ಸುಕ್ರೋಸ್ ಪೂರ್ತಿ ಉಳಿಯಬೇಕಿಲ್ಲ ಎಂಬ ಕಾರಣಕ್ಕೆ. ಹರಳಿಗೆ ಸಲ್ಲದ ಹಾಲನ್ನೂ ಕೊಪ್ಪರಿಗೆ ಒಂದು ಮಿತಿಯವರೆಗೆ ಒಪ್ಪಿಕೊಳ್ಳುತ್ತದೆ. ನಾಲೆಯ ಕೊನೆ ಭಾಗದ ಮಳವಳ್ಳಿಯಲ್ಲಿ ನೀರು ತಪ್ಪಿ ಕಬ್ಬು ಒಣಗಿದಾಗ, ಕಟಾವಿನ ಸರದಿ ತಿಂಗಳುಗಟ್ಟಲೆ ಮುಂದೆ ಹೋದಾಗ, ಮಂಡ್ಯದ ಕಾರ್ಖಾನೆ ವರ್ಷಗಳ ಕಾಲ ನಿಂತು 2022ರಲ್ಲಿ ಮತ್ತೆ ಶುರುವಾಗುವವರೆಗೆ, ಹತ್ತಿರದ ಆಲೆಮನೆಯೇ ಅನೇಕರ ಕೈ ಹಿಡಿಯಿತು. ಆ ಸಲಿಗೆಗೂ ಬೆಲೆ ತೆರಬೇಕಾಯಿತು. ಹಳಸಲು ಕಬ್ಬಿನ ಬೆಲ್ಲ ಕಪ್ಪಾಗುತ್ತದೆ, ಪೇಟೆ ಹೊಂಬಣ್ಣ ಕೇಳುತ್ತದೆ. ಆ ಅಂತರ ಮುಚ್ಚಲು ಕೊಪ್ಪರಿಗೆಗೆ ಹೈಡ್ರೋಸ್ ಬಂತು. ಅದು ಸೋಡಿಯಂ ಹೈಡ್ರೋಸಲ್ಫೈಟ್, ಬಣ್ಣವನ್ನು ಅಪಕರ್ಷಿಸಿ ತಿಳಿಗೊಳಿಸುವ ರಾಸಾಯನಿಕ. ಹಳಸಿದ್ದರ ಬಣ್ಣವನ್ನಷ್ಟೇ ಅದು ಮರೆಸುತ್ತದೆ, ಗಂಧಕದ ಶೇಷವನ್ನು ಬೆಲ್ಲದಲ್ಲಿ ಬಿಡುತ್ತದೆ. ತಾಜಾ ಕಬ್ಬನ್ನು ಅರೆದು, ಸುಣ್ಣ ಬೆಂಡೆಗಳಿಂದಲೇ ಮಡ್ಡಿ ತೆಗೆದ ಬೆಲ್ಲ ಕಂದು ಬಣ್ಣದ್ದೇ ಆಗಿರುತ್ತದೆ, ಮತ್ತು ಕೊಳ್ಳುವವರು ಆ ಕಂದು ಬಣ್ಣಕ್ಕೆ ಒಳ್ಳೆಯ ದರ ಕೊಡುವವರೆಗೆ ಹೈಡ್ರೋಸ್ ಡಬ್ಬಿ ಆಲೆಮನೆಯ ಮೂಲೆಯಿಂದ ಹೋಗುವುದಿಲ್ಲ.