ಒಂದು ಕೈ ಹಡಗಿಗೆ, ಒಂದು ಕೈ ತನಗೆ

1834ರ ನವೆಂಬರ್ ತಿಂಗಳು. ಅಮೆರಿಕದ ಬಾಸ್ಟನ್ನಿನಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದ ‘ಪಿಲ್‌ಗ್ರಿಮ್’ ಎಂಬ ಹಾಯಿಹಡಗು ಕೇಪ್ ಹಾರ್ನ್ ಭೂಶಿರವನ್ನು ದಾಟಿ ಪೆಸಿಫಿಕ್ ಸಾಗರದಲ್ಲಿತ್ತು. ಹಾಯಿ ಏರಿಸುವ ಹಗ್ಗಕ್ಕೆ ರಾಟೆ ಕಟ್ಟಲು ಜಾರ್ಜ್ ಬಾಲ್ಮರ್ ಎಂಬ ತರುಣ ನಾವಿಕ ಕೂವೆಮರ ಹತ್ತಿದ. ರಾಟೆ, ಹಗ್ಗದ ಸುರುಳಿ, ಹಗ್ಗದ ಎಳೆ ಬಿಡಿಸುವ ಕಬ್ಬಿಣದ ದಬ್ಬಳ ಎಲ್ಲವೂ ಅವನ ಕೊರಳಲ್ಲಿದ್ದವು. ಮೈಮೇಲೆ ಭಾರವಾದ ಉಡುಪು, ಈಜಂತೂ ಬಾರದು. ಆತ ಆಯತಪ್ಪಿ ಸಮುದ್ರಕ್ಕೆ ಬಿದ್ದ. ದೋಣಿ ಇಳಿಸಿ ಸುಮಾರು ಒಂದು ಗಂಟೆ ಹುಡುಕಿದರೂ ಸಿಗಲಿಲ್ಲ.

ಅದೇ ಹಡಗಿನ ನಾವಿಕ ರಿಚರ್ಡ್ ಹೆನ್ರಿ ಡೇನಾ 1840ರಲ್ಲಿ ಪ್ರಕಟಿಸಿದ ‘ಟೂ ಇಯರ್ಸ್ ಬಿಫೋರ್ ದಿ ಮಾಸ್ಟ್’ ಕೃತಿಯಲ್ಲಿ ಈ ಸಾವನ್ನು ದಾಖಲಿಸಿದ್ದಾನೆ. ಸತ್ತವನ ಬಟ್ಟೆಗಳನ್ನು ಕೂಡಲೇ ಹಡಗಿನಲ್ಲೇ ಹರಾಜು ಹಾಕಲಾಯಿತು. ಅದು ಆ ಕಾಲದ ಪದ್ಧತಿ.

‘ಒಂದು ಕೈ ಹಡಗಿಗೆ, ಒಂದು ಕೈ ತನಗೆ’ ಎಂಬುದು ನಾವಿಕರ ಹಳೆಯ ಮಾತು. ಒಂದು ಕೈ ಕೆಲಸ ಮಾಡುವಾಗ ಇನ್ನೊಂದು ಹಗ್ಗ ಹಿಡಿದಿರಬೇಕು. ಗಾಳಿ ಬೀಸಿ ಬರುವ ಕಡೆಯಿಂದಲೇ ಹತ್ತಬೇಕು. ಆಗ ಗಾಳಿ ಮೈಯನ್ನು ಹಗ್ಗದ ಏಣಿಗೆ ಒತ್ತುತ್ತದೆ. ಕೈಯಲ್ಲಿ ಹಿಡಿಯಬೇಕಾದದ್ದು ಉದ್ದದ ಹಗ್ಗವನ್ನೇ ಹೊರತು ಅಡ್ಡ ಮೆಟ್ಟಿಲನ್ನಲ್ಲ. ಮೆಟ್ಟಿಲಿನ ಹಗ್ಗ ಕೊಳೆತಿದ್ದರೆ ತುಂಡಾದೀತು.

ಸಾಧನಗಳು ಸುಧಾರಿಸಿದ್ದು ನಿಧಾನವಾಗಿ. ಹಾಯಿ ಕಟ್ಟುವ ಅಡ್ಡತೊಲೆಯ ಕೆಳಗೆ ಕಾಲೂರಲು ಹಗ್ಗ ಬಿಗಿಯುವ ಕ್ರಮ ಬಂದದ್ದು 17ನೇ ಶತಮಾನದಲ್ಲಿ. ಆದರೆ ಅಂಜಿಕೆಯನ್ನು ಗೇಲಿ ಮಾಡುವ ಚಾಳಿ ಹೋಗಲಿಲ್ಲ. ಕೂವೆಮರದ ನಡುವಿನ ಅಟ್ಟಕ್ಕೆ ಏರಲು ಸುರಕ್ಷಿತವಾದ ಕಂಡಿಯೊಂದಿತ್ತು. ಅದರೊಳಗೆ ನುಸುಳುವವನು ಹೊಸಬನೆಂಬ ಹಾಸ್ಯಕ್ಕೆ ಗುರಿಯಾಗುತ್ತಿದ್ದ. ಅನುಭವಿಗಳು ಹೊರಗಿನ ಇಳಿಜಾರು ಹಗ್ಗಗಳಿಗೆ ಜೋತು, ಬೆನ್ನು ಕೆಳಗಾಗಿ ಹತ್ತುತ್ತಿದ್ದರು. ಬಾಲ್ಮರ್ ಬಿದ್ದದ್ದು ಅಂಥ ಹಗ್ಗಗಳಿಂದಲೇ.

ಕೂವೆಮರ ಹತ್ತುವ ಕೆಲಸ ಇಂದಿಗೂ ಮುಗಿದಿಲ್ಲ. ಭಾರತೀಯ ನೌಕಾಪಡೆಗೆ 1997ರಲ್ಲಿ ಸೇರಿದ ‘ತರಂಗಿಣಿ’ಯಂಥ ತರಬೇತಿ ಹಡಗುಗಳಿವೆ; ಸಣ್ಣ ಹಾಯಿದೋಣಿಗಳೂ ಇವೆ. ದೋಣಿಯ ಕೂವೆಮರದಲ್ಲಿ ದುರಸ್ತಿ ಮಾಡುವವನು ಈಗ ಸೊಂಟ, ತೊಡೆಗಳಿಗೆ ಪಟ್ಟಿ ಬಿಗಿದು, ಹಗ್ಗಕ್ಕೆ ಕಟ್ಟಿದ ಪೀಠದಲ್ಲಿ ಕೂರುತ್ತಾನೆ. ಮೇಲೆಳೆಯಲು ಒಂದು ಹಗ್ಗ, ಅದು ಕೈಕೊಟ್ಟರೆ ಕಾಯಲು ಇನ್ನೊಂದು. ಕೊಂಡಿಯನ್ನು ನಂಬದೆ ಗಂಟು ಹಾಕುತ್ತಾರೆ. ಉಪಕರಣಗಳನ್ನೂ ದಾರದಿಂದ ಕಟ್ಟಿರುತ್ತಾರೆ. ಕೆಳಗೆ ಯಾರೂ ನಿಲ್ಲುವಂತಿಲ್ಲ.

ಎರಡನೆಯ ಹಗ್ಗದ ತುದಿ ಕೆಳಗಿರುವ ಜತೆಗಾರನ ಕೈಯಲ್ಲಿರುತ್ತದೆ. ಮೇಲಿರುವವನ ಜೀವ ಕಾಯುವ ಹೊಣೆ ಈಗ ಅವನೊಬ್ಬನದೇ ಅಲ್ಲ.